ಡೈನಮೊ ಸತ್ತ ಜೀಪು ಮತ್ತು ನಮ್ಮ ಮೇಡಂ

ಹೋದ ತಿಂಗಳು ಒಂದು ಬೆಳಿಗ್ಗೆ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಶಾಂತಿಗ್ರಾಮ ಇನ್ನೂ ಸ್ವಲ್ಪ ಮುಂದಿತ್ತು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿಕೊಂಡಿತು. ಕಾರು ಮಾತ್ರ ಏನೂ ಆಗದ ಹಾಗೆ ಓಡುತ್ತಲೇ ಇತ್ತು. ಪಕ್ಕಕ್ಕೆ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಲಿಲ್ಲ. ಆ ಹೊತ್ತಿಗೆ ನನಗೆ ಗಂಡನೂ ನೆನಪಾಗಲಿಲ್ಲ, ಕಾರು ಮಾರಿದ ಷೋರೂಮಿನವರೂ ನೆನಪಾಗಲಿಲ್ಲ. ಹೈಸ್ಕೂಲಿನಲ್ಲಿ ನಮಗೆ ಕಬಡ್ಡಿ ಕಲಿಸಿದ ಪಿ.ಟಿ. ಮೇಡಂಗೆ ಫೋನ್ ಮಾಡಿದೆ.

"ಆಫ್ ಮಾಡಿದ್ಯಾ?" ಎಂದರು. ಚೆನ್ನಾಗಿದ್ದೀಯಾ ಎಂದು ಕೇಳುವುದಕ್ಕೂ ಮುಂಚೆ.

"ಇಲ್ಲ ಮೇಡಂ."

"ಅದೊಂದು ನೆನಪಿಟ್ಕಂಡಿದೀಯ. ಬಾನೆಟ್ ಎತ್ತು. ಬೆಲ್ಟು ತಿರುಗ್ತಾ ಅದಾ? ಕೈ ಆಕ್ಬ್ಯಾಡ, ಕಣ್ಣಲ್ಲಿ ನೋಡು."

ಬೆಲ್ಟು ತಿರುಗುತ್ತಿತ್ತು. ಎಂಜಿನ್ ಬಿಸಿಯ ಮುಳ್ಳು ಇರಬೇಕಾದ ಕಡೆಯೇ ಇತ್ತು. ಹಾಗಾದರೆ ಡೈನಮೊ ಹೋಗಿದೆ ಎಂದರು. ಎಂಜಿನ್ ತಿರುಗುವಾಗ ಬ್ಯಾಟರಿಗೆ ಕರೆಂಟ್ ತುಂಬುವ ಯಂತ್ರ ಅದು. ಹೊಸಬರು ಆಲ್ಟರ್ನೇಟರ್ ಎನ್ನುತ್ತಾರೆ, ನಮ್ಮ ಕಡೆ ಈಗಲೂ ಡೈನಮೊ.

"ಎಷ್ಟು ದೂರ ಹೋಗ್ಬಹುದು ಮೇಡಂ? ಚನ್ನರಾಯಪಟ್ಟಣ ಮುಟ್ತೀನಾ?"

"ನಿಂದು ಹೊಸ ಗಾಡಿ ಕಣೆ. ಅದ್ರಲ್ಲಿ ಡೀಸೆಲ್ ಎಷ್ಟು ಬಿಡ್ಬೇಕು, ಯಾವಾಗ ಬಿಡ್ಬೇಕು ಅಂತ ಹೇಳೋಕೆ ಒಂದು ಕಂಪ್ಯೂಟ್ರು ಕೂತದೆ. ಅದಕ್ಕೆ ಬ್ಯಾಟರಿ ಅನ್ನ ಹಾಕ್ಬೇಕು. ಡೈನಮೊ ದುಡೀತಿಲ್ಲ ಅಂದ್ಮೇಲೆ ಕೂಡಿಟ್ಟಿದ್ದನ್ನ ಉಣ್ತಾ ಓಗ್ತದೆ. ಬ್ಯಾಟರಿ ಗಟ್ಟಿ ಇದ್ರೆ ಅರ್ಧ ಗಂಟೆನೋ ಮುಕ್ಕಾಲು ಗಂಟೆನೋ. ಇಲ್ದಿದ್ರೆ ಅದೂ ಇಲ್ಲ. ಹೈವೇ ಮಧ್ಯದಲ್ಲಿ ನಿಂತ್ರೆ ಹಿಂದಿಂದ ಲಾರಿ ಬಂದು ಗುದ್ದುತ್ತೆ. ಎಸಿ ತೆಗಿ, ರೇಡಿಯೋ ತೆಗಿ, ಶಾಂತಿಗ್ರಾಮದಲ್ಲಿ ಪಕ್ಕಕ್ಕಾಕು. ಜಂಬ ಮಾಡ್ಬ್ಯಾಡ."

"ಆವತ್ತು ಡೈನಮೊ ಸತ್ರೂ ನಿಮ್ಮ ಜೀಪು ಅಷ್ಟು ದೂರ ಬಂದಿತ್ತಲ್ಲ ಮೇಡಂ?"

"ಜೀಪಿಗೆ ತಲೆ ಎಲ್ಲಿತ್ತು, ಬರೀ ಹೊಟ್ಟೆ. ಡೀಸೆಲ್ ಕುಡಿಯೋದು, ಓಡೋದು. ನಿನ್ ಕಾರು ಓದಿರೋದು."

ಶಾಂತಿಗ್ರಾಮದ ಟೀ ಅಂಗಡಿಯೊಂದರ ಮುಂದೆ ನಿಲ್ಲಿಸಿದೆ. ನಿಲ್ಲಿಸುವ ಹೊತ್ತಿಗಾಗಲೇ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಂದೊಂದಾಗಿ ಹತ್ತಿ, ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಗಿ, ಎಂಜಿನ್ ತಾನಾಗಿಯೇ ಆರಿಹೋಯಿತು. ಮೆಕ್ಯಾನಿಕ್ ಬರುವವರೆಗೆ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಇಷ್ಟು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತ ಯಾರು ಯಾರ ಬಗ್ಗೆಯೋ ಮಾತಾಡಿದ್ದೇನೆ, ಬರೆದಿದ್ದೇನೆ. ಇವರ ಬಗ್ಗೆ ಒಂದು ಸಾಲೂ ಬರೆದಿಲ್ಲವಲ್ಲ ಎಂದು ಅಲ್ಲಿ ಅನ್ನಿಸಿತು. ರಾತ್ರಿ ಮತ್ತೆ ಫೋನ್ ಮಾಡಿ ಕೇಳಿದೆ. "ಬರ್ಕೋ ಓಗು. ಹೆಸರು ಮಾತ್ರ ಹಾಕ್ಬ್ಯಾಡ. ಹಾಕಿದ್ರೆ ಗಾಡಿ ಕೆಟ್ಟೋದೋರೆಲ್ಲ ನನಗೇ ಫೋನ್ ಮಾಡ್ತಾರೆ" ಎಂದರು. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ನಮ್ಮ ಹೈಸ್ಕೂಲು ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ರಸ್ತೆಯಲ್ಲಿದೆ. ಮೇಡಂ ಅಲ್ಲಿಗೆ ಬಂದಾಗ ಹುಡುಗಿಯರಿಗೆ ಆಟ ಎಂಬುದೇ ಇರಲಿಲ್ಲ. ಪಿ.ಟಿ. ಪೀರಿಯಡ್ ಎಂದರೆ ಹುಡುಗರು ಮೈದಾನಕ್ಕೆ, ನಾವು ಹೊಂಗೆಮರದ ಕೆಳಗೆ ಕೂತು ಹರಟೆಗೆ. ಬಂದ ಮೊದಲ ವಾರವೇ ಅವರು ಮರದ ಕೆಳಗೆ ಬಂದು ನಿಂತರು. ಗಂಜಿ ಹಾಕಿದ ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ತಾಳಿಯ ಜೊತೆಗೇ ಕಪ್ಪು ದಾರದ ವಿಶಿಲ್. ಸೀರೆಯ ಕೆಳಗೆ ಬೂಟು ನೋಡಿ ನಾವು ಕಿಸಕ್ಕನೆ ನಕ್ಕೆವು. ಅವರು ಸಿಟ್ಟಾಗಲಿಲ್ಲ.

"ಬೆಳಿಗ್ಗೆ ಏನು ತಿಂದ್ರಿ?" ಎಂದು ಒಬ್ಬೊಬ್ಬರನ್ನೂ ಕೇಳಿದರು. ರಾಗಿ ರೊಟ್ಟಿ ಎಂದವರನ್ನು, ತಂಗಳು ಮುದ್ದೆ ಎಂದವರನ್ನು, ಏನೂ ಇಲ್ಲ ಎಂದವರನ್ನು ಬೇರೆ ಬೇರೆ ನಿಲ್ಲಿಸಿದರು. ಏನೂ ಇಲ್ಲದವರಿಗೆ ತಮ್ಮ ಚೀಲದಿಂದ ಹುರಿಗಡಲೆ, ಬೆಲ್ಲ ಕೊಟ್ಟು, "ಇದನ್ನ ತಿಂದು ಬನ್ನಿ, ಆಮೇಲೆ ನಗೋಣ" ಎಂದರು. ಆವತ್ತಿನಿಂದ ಆ ಮರದ ಕೆಳಗೆ ಯಾರೂ ಕೂರಲಿಲ್ಲ.

ಅವರು ಮೊದಲು ಕಲಿಸಿದ್ದು ಬೀಳುವುದನ್ನು. ಹಿಡಿಯುವುದನ್ನಲ್ಲ, ಓಡುವುದನ್ನಲ್ಲ. ಮಣ್ಣು ಅಗೆಸಿ, ಮೆತ್ತಗೆ ಮಾಡಿಸಿ, ನಮ್ಮನ್ನು ಎಡಕ್ಕೆ ಬಲಕ್ಕೆ ಹಿಂದಕ್ಕೆ ಬೀಳಿಸಿದರು. ನಮ್ಮ ಪವಿತ್ರ, ಆಮೇಲೆ ಟೀಮಿನ ಕ್ಯಾಪ್ಟನ್ ಆದವಳು, ಬೇಜಾರಾಗಿ ಕೇಳಿಯೇಬಿಟ್ಟಳು: "ಯಾವಾಗ್ಲೂ ಬೀಳೋದೇ ಆಯ್ತಲ್ಲ ಮೇಡಂ, ಗೆಲ್ಲೋದು ಯಾವಾಗ?" ಮೇಡಂ ಹೇಳಿದ್ದು: "ಬಿದ್ದೋಳು ಎದ್ದು ಗೆರೆ ಮುಟ್ತಾಳೆ ಕಣವ್ವ. ಬೀಳೋಕೆ ಹೆದ್ರೋಳು ಗೆರೆ ದಾಟೋದೇ ಇಲ್ಲ." ಅವರು ಹೇಳುತ್ತಿದ್ದ ಮಾತುಗಳೆಲ್ಲ ಹೀಗೆ, ಆ ಕ್ಷಣದ ಕೆಲಸಕ್ಕೆ ಬೇಕಾದ್ದು. ಅದನ್ನು ಗೋಡೆಯ ಮೇಲೆ ಬರೆಯಲು ಹೊರಟರೆ ಬೈಯುತ್ತಿದ್ದರು.

ಜೀಪು ಅವರ ತಂದೆಯದು. ತಂದೆ ಕೊಣನೂರು, ಅರಕಲಗೂಡು ನಡುವೆ ಬಾಡಿಗೆಗೆ ಓಡಿಸುತ್ತಿದ್ದ ಹಳೆಯ ಡೀಸೆಲ್ ಜೀಪು. ಸಂತೆಯ ದಿನ ಒಳಗೆ ಜನ, ಮೇಲೆ ಮೂಟೆ, ಹಿಂದೆ ನೇತುಬಿದ್ದವರು. ಮಗಳಿಗೆ ಓಡಿಸುವುದನ್ನು ಕಲಿಸುವ ಮುಂಚೆ ಅವರು ಕಣ್ಣು ಮುಚ್ಚಿಸಿ ಕೂರಿಸಿ ಎಂಜಿನ್ ಶಬ್ದ ಕೇಳಿಸುತ್ತಿದ್ದರಂತೆ. ಬೆಲ್ಟು ಸಡಿಲವಾದರೆ ಹೇಗೆ ಕೂಗುತ್ತದೆ, ಡೀಸೆಲ್ಲಿನಲ್ಲಿ ಗಾಳಿ ಸೇರಿದರೆ ಹೇಗೆ ಬಿಕ್ಕುತ್ತದೆ, ಎಲ್ಲ ಕಿವಿಯಿಂದಲೇ. ತಂದೆ ತೀರಿಕೊಂಡ ಮೇಲೆ ಜೀಪನ್ನು ಮಾರಲು ಮನಸ್ಸಾಗದೆ ಮೇಡಂ ಅದರಲ್ಲೇ ಶಾಲೆಗೆ ಬರುತ್ತಿದ್ದರು. ಆ ಕಾಲಕ್ಕೆ ನಮ್ಮ ಕಡೆ ಹೆಂಗಸರು ಸ್ಕೂಟರ್ ಓಡಿಸುವುದೇ ಸುದ್ದಿ. ಅರಕಲಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಲ ಯಾರೋ ಆಟೋದವನು, "ಯಾಕ್ ಮೇಡಂ, ಯಜಮಾನ್ರು ಇಲ್ವಾ ಗಾಡಿ ಓಡ್ಸಕೆ?" ಎಂದು ಚುಡಾಯಿಸಿದ. ಇವರು ಗೇರು ಬದಲಾಯಿಸುತ್ತಲೇ, "ಇದಾರಪ್ಪ, ಮನೇಲಿ ಸಾರು ಕುದಿಸ್ತಾ ಅವ್ರೆ. ನಿಮ್ಮನೇಲಿ ಯಾರು ಕುದಿಸ್ತಾರೆ?" ಎಂದು ಮುಂದೆ ಹೋದರು. ಅದು ತಮಾಷೆಗೆ ಹೇಳಿದ ಮಾತಲ್ಲ. ಅವರ ಯಜಮಾನರು ಸಂತೆಗಳಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದರು, ಸಂತೆ ಇಲ್ಲದ ದಿನ ಅಡಿಗೆ ಅವರದೇ. ಅವರ ಕೈಯ ಅವರೆಕಾಳಿನ ಸಾರು ನಾನು ಉಂಡಿದ್ದೇನೆ, ಈಗಲೂ ಅಂಥದು ಮಾಡಲು ನನಗೆ ಬರುವುದಿಲ್ಲ.

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ತಾಲ್ಲೂಕು ಮಟ್ಟದಲ್ಲಿ ಗೆದ್ದೆವು. ಜಿಲ್ಲಾ ಪಂದ್ಯಕ್ಕೆ ಬಸ್ಸಿನಲ್ಲಿ ಹೊರಟೆವು. ಬಸ್ಸು ತಡವಾಯಿತು, ಇನ್ನೊಂದು ಬಸ್ಸು ಸಿಗಲಿಲ್ಲ, ನಾವು ಮೈದಾನ ಮುಟ್ಟುವ ಹೊತ್ತಿಗೆ ಎದುರಾಳಿ ತಂಡ ಗೆದ್ದಿದೆ ಎಂದು ಮೈಕಿನಲ್ಲಿ ಹೇಳಿ ಆಗಿತ್ತು. ಆಡದೆಯೇ ಸೋತು ಬಂದೆವು. ಹತ್ತನೇ ತರಗತಿಯಲ್ಲಿ ಮತ್ತೆ ತಾಲ್ಲೂಕು ಗೆದ್ದಾಗ ನಮ್ಮ ಹೆಡ್‌ಮಾಸ್ಟರು, ಕೆಟ್ಟವರೇನೂ ಅಲ್ಲ, ಮೇಡಂ ಹತ್ತಿರ ಹೇಳಿದರು: "ನೋಡಿ ಮೇಡಂ, ಹೆಣ್ಮಕ್ಕಳ ಟೀಮ್ ಕಳ್ಸೋದು ಅಂದ್ರೆ ನೂರು ಜನಕ್ಕೆ ಉತ್ತರ ಹೇಳ್ಬೇಕು. ಈ ಸಲ ಕರ್ಕೊಂಡೋಗಿ. ಈ ಸಲಾನೂ ಹಂಗೇ ವಾಪಸ್ ಬಂದ್ರೆ ಮುಂದಿನ ವರ್ಷದಿಂದ ಟೀಮ್ ಬೇಡ." ನಾವು ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡೆವು. ಮೇಡಂ ಹೊರಗೆ ಬಂದು ನಮ್ಮನ್ನು ನೋಡಿ, "ಕೇಳಿಸ್ಕಂಡ್ರಾ? ಒಳ್ಳೇದು. ನಾನು ಇನ್ನೊಂದ್ಸಲ ಹೇಳೋದು ಉಳೀತು. ಬಸ್ ಬ್ಯಾಡ, ಜೀಪಲ್ಲೋಗನ" ಎಂದರು.

ಆ ಸಲದ ಜಿಲ್ಲಾ ಪಂದ್ಯ ಚನ್ನರಾಯಪಟ್ಟಣದಲ್ಲಿ. ಅರಕಲಗೂಡು, ಹೊಳೆನರಸೀಪುರ ದಾಟಿಕೊಂಡು ಹೋಗಬೇಕು. ನನ್ನಪ್ಪ ಕಳಿಸಲು ಒಪ್ಪಿದ್ದೇ ದೊಡ್ಡದು. ಹೊಗೆಸೊಪ್ಪು ಬೇಯಿಸುವ ಕಾಲ ಅದು. ಬ್ಯಾರನ್ ಮನೆಯೊಳಗೆ ಸೊಪ್ಪು ಕಟ್ಟಿ, ಒಲೆಗೆ ಸೌದೆ ಹಾಕುತ್ತ, ಶಾಖ ಏರಿಳಿಯದ ಹಾಗೆ ಕಾಯಬೇಕು. ಮನೆಯವರೆಲ್ಲ ಅದರ ಸುತ್ತಲೇ. ಅಪ್ಪ ನನ್ನ ಕಡೆ ನೋಡದೆ ಒಲೆಯ ಕಡೆಯೇ ನೋಡುತ್ತ, "ಹೊತ್ತು ಮುಳುಗೋದ್ರೊಳಗೆ ಮನೇಲಿರ್ಬೇಕು" ಎಂದಿದ್ದರು. ಅಷ್ಟೇ ಅಪ್ಪಣೆ.

ಬೆಳಿಗ್ಗೆ ಹತ್ತು ಜನ ಹುಡುಗಿಯರು ಜೀಪಿನಲ್ಲಿ ತುಂಬಿಕೊಂಡು ಹೊರಟೆವು. ನಾನು ಮುಂದೆ, ಮೇಡಂ ಪಕ್ಕ. ಅರಕಲಗೂಡು ದಾಟಿ ಹೊಳೆನರಸೀಪುರದ ಹತ್ತಿರ ಬಂದಿದ್ದೆವು. ಸ್ಟೀರಿಂಗಿನ ಹಿಂದೆ ಪುಟ್ಟ ಕೆಂಪು ದೀಪವೊಂದು ಹತ್ತಿತು. ಮೇಡಂ ಮಾತು ನಿಲ್ಲಿಸಿದರು. ಹಿಂದೆ ಹಾಡುತ್ತಿದ್ದವರಿಗೆ, "ಒಂಚೂರು ಸುಮ್ನಿರ್ರೇ" ಎಂದರು. ಕಿವಿಗೊಟ್ಟು ಕೇಳಿದರು. ಆಮೇಲೆ ಪಕ್ಕಕ್ಕೆ ಹಾಕಿ, ಎಂಜಿನ್ ಓಡುತ್ತಿರುವಾಗಲೇ ಇಳಿದು ಬಾನೆಟ್ ಎತ್ತಿದರು.

"ಬೆಲ್ಟು ನೆಟ್ಟಗದೆ. ಫ್ಯಾನು ತಿರುಗ್ತಾ ಅದೆ. ಬೆಲ್ಟು ಕಿತ್ತಿದ್ರೆ ನೀರು ತಿರುಗದೆ ಎಂಜಿನ್ ಸುಟ್ಟೋಗೋದು. ಸತ್ತಿರೋದು ಡೈನಮೊ ಒಂದೇ" ಎಂದರು. ಸೋತವರ ಧ್ವನಿಯಲ್ಲ. ಲೆಕ್ಕ ಸಿಕ್ಕವರ ಧ್ವನಿ.

ಊರೊಳಗೆ ಬರುವಾಗ ರೈಲ್ವೆ ಗೇಟು ಹಾಕಿತ್ತು. ಮುಂದಿನ ಲಾರಿ, ಬಸ್ಸು, ಬೈಕುಗಳೆಲ್ಲ ಎಂಜಿನ್ ಆರಿಸಿದ್ದವು. ಆ ಮೌನದಲ್ಲಿ ನಮ್ಮ ಜೀಪೊಂದೇ ಗಡಗಡ ಎನ್ನುತ್ತಿತ್ತು. ಲಾರಿಯವನೊಬ್ಬ ಇಳಿದು ಬಂದು, "ಡೀಸೆಲ್ಲು ಪುಕ್ಸಟ್ಟೆ ಬತ್ತದಾ ಮೇಡಂ? ಆಫ್ ಮಾಡಿ" ಎಂದ. "ಮಾಡ್ತೀನಣ್ಣ. ಆಮೇಲೆ ನೀವೇ ತಳ್ಬೇಕಾಯ್ತದೆ" ಎಂದರು ಇವರು. ಅವನು ನಗುತ್ತ ಹೋದ.

ಹೊಳೆನರಸೀಪುರದಲ್ಲಿ ಬ್ಯಾಟರಿ, ಡೈನಮೊ ರಿಪೇರಿ ಮಾಡುವ ಒಂದು ಅಂಗಡಿ ಅವರಿಗೆ ಗೊತ್ತಿತ್ತು. ಅಂಗಡಿಯ ಸಾಹೇಬರು ಬಿಳಿ ಗಡ್ಡದ ಮನುಷ್ಯ, ಮೇಡಂ ತಂದೆಯ ಪರಿಚಯದವರು. ತಂತಿಗಳನ್ನು ಮುಟ್ಟಿ, ಒಂದು ಬಲ್ಬು ಹಿಡಿದು ನೋಡಿ, ತಲೆ ಆಡಿಸಿದರು.

"ಒಳಗೆ ಸುತ್ತಿರೋ ತಂತಿ ಸುಟ್ಟೈತಮ್ಮ. ಬಿಚ್ಚಿ ಹಾಸನಕ್ಕೆ ಕಳಿಸ್ಬೇಕು. ನಾಳೆ ಕೊಡ್ತೀನಿ."

"ನಮಗೆ ಚನ್ನರಾಯಪಟ್ಟಣದಲ್ಲಿ ಮಧ್ಯಾಹ್ನ ಮ್ಯಾಚು ಸಾಹೇಬ್ರೇ. ಇದು ಅಲ್ಲೀಗಂಟ ಓಯ್ತದಲ್ಲ?"

ಸಾಹೇಬರು ನಕ್ಕರು. "ನಿಮ್ಮಪ್ಪಾರು ಏನು ಹೇಳ್ತಿದ್ರು? ಈ ಎಂಜಿನ್ನಿಗೆ ಕರೆಂಟ್ ಬೇಕಾಗಿರೋದು ಏಳೋವಾಗ ಒಂದ್ಸಲ. ಎದ್ಮೇಲೆ ಅದರ ಪಾಡಿಗೆ ಅದು. ಡೀಸೆಲ್ ಇರೋವರ್ಗೂ ಓಡ್ತದೆ, ಬೇಕಾದ್ರೆ ಮೈಸೂರ್ಗೂ ಓಗಿ. ಆದ್ರೆ ಈ ಬ್ಯಾಟರಿನೂ ಮುದುಕ. ಕೀಲಿ ತಿರುಗಿಸಿ ಸೆಲ್ಫ್ ಹೊಡೆದ್ರೆ ಇನ್ನೊಂದ್ಸಲ ಎತ್ತುತ್ತದೇನೋ, ಎತ್ತಲ್ವೇನೋ. ವೈಪರು, ಲೈಟು ಹಾಕ್ಬೇಡಿ. ಆಫ್ ಮಾಡ್ಬೇಡಿ."

ಹಿಂದಿನಿಂದ ಪವಿತ್ರ ಕೂಗಿದಳು: "ಆಫಾದ್ರೆ ಏನ್ ಮೇಡಂ, ನಾವೇ ತಳ್ತೀವಿ."

ಮೇಡಂ ತಿರುಗಿ ನೋಡಿದರು. "ನಿಮ್ಮ ತೊಡೆ ನಂಗೆ ಮ್ಯಾಚಿಗೆ ಬೇಕು, ಜೀಪ್ ತಳ್ಳಕಲ್ಲ. ಕೂತ್ಕಳಿ ತೆಪ್ಪಗೆ."

ಹೇಮಾವತಿ ಸೇತುವೆ ದಾಟಿ ಚನ್ನರಾಯಪಟ್ಟಣದ ರಸ್ತೆ ಹಿಡಿದೆವು. ಸ್ವಲ್ಪ ದೂರ ಹೋಗುವುದರೊಳಗೆ ಇನ್ನೊಂದು ಸಂಗತಿ ಗಮನಕ್ಕೆ ಬಂತು: ಡೀಸೆಲ್ ಸಾಲದು. ಬಂಕಿನಲ್ಲಿ ಎಂಜಿನ್ ಓಡುತ್ತಿರುವ ಗಾಡಿಗೆ ಡೀಸೆಲ್ ಹಾಕುವುದಿಲ್ಲ, ಹಾಕಲೂಬಾರದು. ಮೇಡಂ ಬಂಕಿನೊಳಗೆ ಹೋಗಲೇ ಇಲ್ಲ. ಬಂಕು ದಾಟಿ, ರಸ್ತೆ ಕೆಳಗಿಳಿಯುವ ಜಾಗ ನೋಡಿ, ಅಂಚಿನಲ್ಲಿ ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೊಂದು, ಮುಂದಿನ ಚಕ್ರಕ್ಕೊಂದು ಕಲ್ಲು ಕೊಡಿಸಿ, ಎಂಜಿನ್ ಆರಿಸುವ ಗುಂಡಿಯನ್ನು ಎಳೆದೇಬಿಟ್ಟರು. ಜೀಪು ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ನಮಗೆ ಯಾರೋ ತೀರಿಕೊಂಡ ಹಾಗಾಯಿತು.

"ಮೇಡಂ..." ಎಂದೆ.

"ಯಾಕೆ, ಇಳಿಜಾರು ಕಾಣಲ್ವಾ? ನೀವು ತಳ್ಳಬ್ಯಾಡಿ ಅಂದ್ನೇ ಹೊರತು ಭೂಮಿ ತಳ್ಳಬ್ಯಾಡ ಅಂದ್ನಾ?"

ಕ್ಯಾನಿನಲ್ಲಿ ಡೀಸೆಲ್ ತಂದು ತಾವೇ ಸುರಿದರು. ಕಲ್ಲು ತೆಗೆಸಿದರು. ಎರಡನೇ ಗೇರು ಹಾಕಿ, ಕ್ಲಚ್ ಒತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟರು. ಜೀಪು ಶಬ್ದವಿಲ್ಲದೆ ಉರುಳತೊಡಗಿತು. ಮೊದಲು ನಡೆಯುವ ವೇಗ, ಆಮೇಲೆ ಸೈಕಲ್ಲಿನ ವೇಗ. ನಾವೆಲ್ಲ ಉಸಿರು ಹಿಡಿದಿದ್ದೆವು. ಮೇಡಂ ಕ್ಲಚ್ ಬಿಟ್ಟರು. ಒಂದು ಜಗ್ಗು, ಒಂದು ಕೆಮ್ಮು, ಕಪ್ಪು ಹೊಗೆ, ಆಮೇಲೆ ಅದೇ ಗಡಗಡ ಸದ್ದು. ನಾವು ಕೇಕೆ ಹಾಕಿದೆವು. ಮೇಡಂ ಮುಖದಲ್ಲಿ ನಗು ಬಂತು, ಅದನ್ನು ಅಡಗಿಸಲು ಅವರು ಕಿಟಕಿಯ ಕಡೆ ತಿರುಗಿದರು.

ಅಷ್ಟರಲ್ಲಿ ಮಳೆ ಬಂತು. ಜಡಿಮಳೆಯಲ್ಲ, ಆದರೆ ಗಾಜಿನ ಮೇಲೆ ಹನಿಗಳು ಕೂತು ಮುಂದಿನದು ಮಸುಕಾಗುವಷ್ಟು. ವೈಪರ್ ಹಾಕುವ ಹಾಗಿಲ್ಲ. ಆಲೂಗೆಡ್ಡೆ ಕೀಳುವ ಕಾಲ. ರಸ್ತೆಯ ಪಕ್ಕದಲ್ಲಿ ರೈತರೊಬ್ಬರು ಮೂಟೆಗಳಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದರು. ಮೇಡಂ ನಿಧಾನ ಮಾಡಿ, "ಅಣ್ಣ, ಒಂದು ಆಲೂಗೆಡ್ಡೆ ಕೊಡ್ತೀರಾ?" ಎಂದರು.

"ಒಂದಾ? ಒಂದ್ರಲ್ಲಿ ಏನ್ ಮಾಡೀರವ್ವ?"

"ಗಾಜಿಗೆ ಉಜ್ಜಕೆ."

ರೈತರು ಕುಡುಗೋಲಿನಿಂದ ಗೆಡ್ಡೆಯನ್ನು ಎರಡು ಹೋಳು ಮಾಡಿ ತಾವೇ ಗಾಜಿನ ಮೇಲೆಲ್ಲ ಉಜ್ಜಿಕೊಟ್ಟರು. ನೀರು ಹನಿಗಟ್ಟದೆ ಹಾಳೆಯ ಹಾಗೆ ಇಳಿದುಹೋಗತೊಡಗಿತು. ಪೂರ್ತಿ ಸ್ವಚ್ಛವಲ್ಲ, ಆದರೂ ರಸ್ತೆ ಕಂಡಿತು. ಹೊರಡುವಾಗ ಹಿಂದಿನ ಸೀಟಿಗೆ ಒಂದು ಮಂಕರಿ ಗೆಡ್ಡೆ ಸುರಿದು, "ಹೆಣ್ಮಕ್ಕಳು ಆಡಕೆ ಹೋಯ್ತಾವ್ರೆ ಅಂತೀರಿ, ಬೇಯಿಸ್ಕಂಡು ತಿನ್ನಿ" ಎಂದರು. ಮೇಡಂ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದರು. ಮಳೆ ನಿಂತ ಮೇಲೆ ಜೋರು ಮಾಡಿದರು.

ನಾವು ಮೈದಾನಕ್ಕೆ ಬಂದಾಗ ನಮ್ಮ ಶಾಲೆಯ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದರು. ಕೊನೆಯ ಕರೆ. ಪವಿತ್ರ ಜೀಪು ನಿಲ್ಲುವ ಮುಂಚೆಯೇ ಹಾರಿ, ಕೈ ಎತ್ತಿಕೊಂಡು, "ಬಂದ್ವಿ ಸಾ, ಬಂದ್ವಿ" ಎನ್ನುತ್ತ ಓಡಿದಳು.

ಮೊದಲ ಪಂದ್ಯ ಹಾಸನದ ದೊಡ್ಡ ಶಾಲೆಯೊಂದರ ಮೇಲೆ. ಅವರಿಗೆ ಒಂದೇ ಬಣ್ಣದ ಬೂಟು, ಬೆನ್ನ ಮೇಲೆ ಹೆಸರು. ನಮಗೆ ಮೇಡಂ ಹೊಲಿಸಿಕೊಟ್ಟ ನೀಲಿ ಪ್ಯಾಂಟು, ಬರಿಗಾಲು. ನೆಲ ಒದ್ದೆಯಾಗಿತ್ತು. ಅವರು ಜಾರುತ್ತಿದ್ದರು, ಬೀಳಲು ಹೆದರುತ್ತಿದ್ದರು. ನಮಗೆ ಬೀಳುವುದೇ ಬಾಲಪಾಠ. ಪವಿತ್ರ ಒಬ್ಬಳೇ ಹೋಗಿ ಇಬ್ಬರನ್ನು ಹೊತ್ತುಕೊಂಡೇ ಗೆರೆಯ ಮೇಲೆ ಬಿದ್ದಳು. ಗೆದ್ದೆವು. ಸೆಮಿಫೈನಲ್ ಕೂಡ ಗೆದ್ದೆವು. ಫೈನಲ್ಲಿನಲ್ಲಿ ಚನ್ನರಾಯಪಟ್ಟಣದ ಹುಡುಗಿಯರ ಕೈಯಲ್ಲಿ ಸೋತೆವು. ಕೊನೆಯ ರೈಡು ನನ್ನದು. ಗೆರೆ ಒಂದು ಗೇಣು ದೂರವಿದ್ದಾಗ ಅವರ ಕ್ಯಾಪ್ಟನ್ ನನ್ನ ಪಾದ ಹಿಡಿದಳು. ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ ಉಸಿರು ಅಲ್ಲೇ ಕಡಿಯಿತು, ನಾನು ಔಟ್.

ನಾನು ಮಣ್ಣಿನ ಮೇಲೆ ಮುಖವಿಟ್ಟು ಅಳುತ್ತಿದ್ದೆ. ಮೇಡಂ ಬಂದು ಪಕ್ಕದಲ್ಲಿ ಕೂತರು. "ಕಾಲು ನೋವಾ?" ಎಂದರು. ಇಲ್ಲ ಎಂದೆ. "ಹಂಗಾದ್ರೆ ಏಳು. ಆ ಹುಡುಗಿ ಚೆನ್ನಾಗಿ ಹಿಡಿದ್ಲು. ಓಗಿ ಕೈ ಕುಲುಕು." ಅಷ್ಟೇ ಅಂದರು. ಆದರೆ ಎದ್ದು ಹೋಗುವಾಗ ಅವರ ಕೈ ನನ್ನ ನೆತ್ತಿಯ ಮೇಲೆ ಇಳಿದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇತ್ತು.

ಎರಡನೇ ಬಹುಮಾನದ ಕಪ್ಪು ಪವಿತ್ರಳ ಕೈ ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಜೀಪಿನ ಹತ್ತಿರ ಬಂದೆವು. ಮೇಡಂ ಆಕಾಶ ನೋಡಿದರು, ಜೀಪು ನೋಡಿದರು, ನಮ್ಮನ್ನು ನೋಡಿದರು. ಇಲ್ಲಿ ತಳ್ಳಲು ಜನ ಬೇಕಾದಷ್ಟು ಇದ್ದರು. ಎಂಜಿನ್ ಏಳುತ್ತಿತ್ತು. ಊರು ಮುಟ್ಟುವಷ್ಟು ಡೀಸೆಲ್ ಇತ್ತು. ನನಗೆ ಅಪ್ಪ ಹೇಳಿದ್ದು ನೆನಪಾಗಿ, "ಹೊರಡೋಣ ಮೇಡಂ, ಬೆಳಿಗ್ಗೆ ಬಂದ ಹಾಗೇ" ಎಂದೆ.

"ಜೀಪ್ ಓಡ್ತದೆ ಕಣವ್ವ. ನಾನು ಓಡ್ಸಲ್ಲ" ಎಂದರು. "ಬೆಳಿಗ್ಗೆ ಬೆಳಕಿತ್ತು. ಈಗ ಲೈಟ್ ಬೇಕು, ಲೈಟಿಗೆ ಕರೆಂಟಿಲ್ಲ. ಹತ್ತು ಮನೆ ಮಕ್ಕಳನ್ನ ಕತ್ತಲಲ್ಲಿ ರೋಡಿಗೆ ಇಳ್ಸೋಷ್ಟು ಧೈರ್ಯ ನಂಗಿಲ್ಲ. ನಿಮ್ಮಪ್ಪ ಬಯ್ದ್ರೆ ನಾನು ಬೈಸ್ಕತೀನಿ."

ನಾನು ಆಮೇಲೆ ಬದುಕಿನಲ್ಲಿ ಧೈರ್ಯವಂತರನ್ನು ಬೇಕಾದಷ್ಟು ಕಂಡಿದ್ದೇನೆ. ಧೈರ್ಯ ಎಲ್ಲಿಗೆ ಸಾಕು ಎಂದು ಅಷ್ಟು ಸಲೀಸಾಗಿ ಹೇಳಿದವರನ್ನು ಹೆಚ್ಚು ಕಂಡಿಲ್ಲ.

ನಮ್ಮನ್ನು ಸೋಲಿಸಿದ ಶಾಲೆಯಲ್ಲೇ ಆ ರಾತ್ರಿ ಉಳಿದೆವು. ಮೇಡಂ ಎಸ್‌ಟಿಡಿ ಬೂತಿನಲ್ಲಿ ನಿಂತು ಫೋನಿದ್ದವರ ಮನೆಗೆಲ್ಲ ತಿಳಿಸಿದರು. ಅಡಿಗೆ ಕೋಣೆಯಲ್ಲಿ ಅನ್ನ, ಸಾರು, ನಾವು ತಂದ ಆಲೂಗೆಡ್ಡೆಯದೇ ಪಲ್ಯ. ನನ್ನ ಪಾದ ಹಿಡಿದ ಕ್ಯಾಪ್ಟನ್ ಶ್ರವಣಬೆಳಗೊಳದ ಕಡೆಯ ಜೈನರ ಹುಡುಗಿ. ಹೊತ್ತು ಮುಳುಗುವ ಮುಂಚೆಯೇ ಅವಳ ಊಟ ಮುಗಿದಿತ್ತು, ಗೆಡ್ಡೆಯನ್ನಂತೂ ಅವಳು ತಿನ್ನುವುದಿಲ್ಲ. ಆದರೂ ಅನ್ನದ ಪಾತ್ರೆ ಹಿಡಿದು ಸಾಲಿನುದ್ದಕ್ಕೂ ಅವಳೇ ಬಡಿಸಿದಳು. ನನ್ನ ತಟ್ಟೆಯ ಮುಂದೆ ನಿಂತು, "ಇನ್ನೊಂದ್ ಸ್ವಲ್ಪ ಉದ್ದ ಇದ್ದಿದ್ರೆ ನೀನು ಮುಟ್ಬಿಡ್ತಿದ್ದೆ ಕಣೆ" ಎಂದಳು. ಇಬ್ಬರೂ ನಕ್ಕೆವು. ಮೇಡಂ ಮೂಲೆಯಲ್ಲಿ ಗೋಡೆಗೊರಗಿ ಕೂತು ನಮ್ಮನ್ನೇ ನೋಡುತ್ತಿದ್ದರು.

ಬೆಳಗಿನ ಮೊದಲ ಬಸ್ಸಿಗೆ ಮೂರು ಮಂದಿ ಅಪ್ಪಂದಿರು ಬಂದಿಳಿದರು. ನನ್ನಪ್ಪ ಎಲ್ಲರಿಗಿಂತ ಮುಂದೆ. ಬ್ಯಾರನ್ನಿನ ಒಲೆಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಬಂದಿದ್ದರು. ಅಂಗಿಯಿಂದ ಇನ್ನೂ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿತ್ತು.

"ಏನ್ ಮೇಡಂ ಇದು? ಮಾತು ಅಂದ್ರೆ ಮಾತಲ್ವಾ? ಹೆಣ್ಮಗ ರಾತ್ರಿಯೆಲ್ಲ ಊರ ಆಚೆ ಅವ್ಳೆ ಅಂದ್ರೆ ಜನ ಏನಂದಾರು?"

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಅಪ್ಪನ ಉಸಿರು ಮುಗಿದ ಮೇಲೆ, "ನೀವಾಗಿದ್ರೆ ಲೈಟಿಲ್ದ ಗಾಡೀಲಿ ಮಗಳನ್ನ ಕೂರಿಸ್ಕಂಡು ಬತ್ತಿದ್ರಾ ಗೌಡ್ರೆ?" ಎಂದು ಕೇಳಿದರು.

ಅಪ್ಪ ಜೀಪಿನ ಸುತ್ತ ಒಂದು ಸುತ್ತು ಬಂದರು. "ಡೈನಮಾ?" ಎಂದರು. ಅವರಿಗೆ ಟ್ರ್ಯಾಕ್ಟರಿನ ಅನುಭವವಿತ್ತು.

"ಹೂಂ. ಬ್ಯಾಟರಿನೂ ಪೂರ್ತಿ ಇಳಿದೋಯ್ತು. ನೀವು ಬಂದಿದ್ದು ಒಳ್ಳೇದೇ ಆಯ್ತು. ತಳ್ಳಿ."

ಮೂರು ಜನ ಅಪ್ಪಂದಿರು ಪಂಚೆ ಎತ್ತಿ ಕಟ್ಟಿ ಜೀಪಿನ ಹಿಂಭಾಗಕ್ಕೆ ಭುಜ ಕೊಟ್ಟರು. ನಾವು ಇಳಿಯಲು ಹೋದರೆ ಅಪ್ಪ, "ನೀವು ಕೂತ್ಕಳಿ, ನೆನ್ನೆ ದುಡ್ದಿದ್ದು ಸಾಕು" ಎಂದರು. ಎಂಜಿನ್ ಹತ್ತಿಕೊಂಡಾಗ ಅವರ ಮುಖದ ಮೇಲೆಲ್ಲ ಹೊಗೆ.

ದಾರಿಯಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕೂತರು. ಹೊಳೆನರಸೀಪುರ ದಾಟಿದ ಮೇಲೆ, ಹಿಂದಕ್ಕೆ ತಿರುಗದೆಯೇ, "ಎಲ್ಲದೆ ಅದು, ಕೊಡು" ಎಂದರು. ಪವಿತ್ರ ಕಪ್ಪು ಕೊಟ್ಟಳು. ಅಪ್ಪ ಅದನ್ನು ಟವೆಲಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡರು. ಸಾಹೇಬರ ಅಂಗಡಿಯಲ್ಲಿ ನಿಲ್ಲಿಸಿ ಡೈನಮೊ ಬಿಚ್ಚಿಸಬೇಕಿತ್ತು. "ನಾಳೆ ನಾನೇ ಬಿಚ್ಚಿ ತಂದು ಕೊಡ್ತೀನಿ, ಈಗ ನಡೀರಿ" ಎಂದು ಅಪ್ಪನೇ ಮುಂದೆ ಸಾಗಿಸಿದ್ದರು.

ಮುಂದಿನ ವರ್ಷ ಟೀಮ್ ಬೇಡ ಎಂಬ ಮಾತು ಶಾಲೆಯಲ್ಲಿ ಬರಲೇ ಇಲ್ಲ. ಪವಿತ್ರ ಜಿಲ್ಲೆಯ ತಂಡಕ್ಕೆ ಆಯ್ಕೆಯಾದಳು. ಈ ವರ್ಷ ನಿವೃತ್ತರಾಗುವವರೆಗೆ ಮೇಡಂ ಅದೆಷ್ಟು ತಂಡಗಳನ್ನು ಕಟ್ಟಿದರೋ. ಅದೆಲ್ಲ ಆಮೇಲಿನ ಮಾತು. ನನಗೆ ಹೇಳಬೇಕಾಗಿರುವುದು ಆ ಬೆಳಿಗ್ಗೆ ಅರಕಲಗೂಡಿಗೆ ಬಂದಾಗ ಆದದ್ದು.

ಅದು ಸಂತೆಯ ದಿನ. ಪೇಟೆ ಬೀದಿಯ ತುಂಬ ಗಾಡಿ, ದನ, ಶುಂಠಿ ಮೂಟೆ, ಜನ. ಮೇಡಂ ಹಾರನ್ ಒತ್ತಿದರು. ಸದ್ದಿಲ್ಲ. ಇನ್ನೊಮ್ಮೆ ಒತ್ತಿದರು. ಬ್ಯಾಟರಿ ಸತ್ತಿತ್ತು, ಹಾರನ್ ಎಲ್ಲಿಂದ ಬರಬೇಕು. ನಿಲ್ಲಿಸುವ ಹಾಗೂ ಇಲ್ಲ. ಒಂದನೇ ಗೇರಿನಲ್ಲಿ ಇಂಚಿಂಚೇ ಮುಂದೆ ಸರಿಸುತ್ತ ಅವರು ಅಪ್ಪನ ಕಡೆ ನೋಡಿದರು.

ನನ್ನಪ್ಪ ಮಾತು ಕಡಿಮೆ ಇದ್ದವರು. ಮನೆಯಲ್ಲೂ ಜೋರಾಗಿ ನನ್ನ ಹೆಸರು ಕರೆದಿದ್ದು ನನಗೆ ನೆನಪಿಲ್ಲ. ಅವರು ಒಂದು ಕೈಯಲ್ಲಿ ಕಪ್ಪು ಹಿಡಿದುಕೊಂಡು, ಬಾಗಿಲ ಆಚೆಗೆ ಅರ್ಧ ಮೈ ಚಾಚಿ, ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಕೂಗಿದರು:

"ದಾರಿ ಬಿಡ್ರಪ್ಪೋ, ದಾರಿ ಬಿಡಿ. ನಮ್ಮುಡ್ಗೀರು ಬತ್ತಾವ್ರೆ."

ಬಳೆ ಅಂಗಡಿಯಿಂದ ಯಾರೋ, "ಗೆದ್ರಾ ಗೌಡ್ರೆ?" ಎಂದು ಕೇಳಿದರು.

"ಎರಡ್ನೇದು ಕಣಯ್ಯ" ಎಂದರು ಅಪ್ಪ. ಆಮೇಲೆ ಅದು ಸಾಲಲಿಲ್ಲ ಅನ್ನಿಸಿರಬೇಕು, ಇನ್ನಷ್ಟು ಆಚೆಗೆ ವಾಲಿ, ಕಪ್ಪನ್ನು ಮೇಲೆತ್ತಿ ಹೇಳಿದರು: "ಇಡೀ ಜಿಲ್ಲೇಗೇ ಎರಡ್ನೇದು."